ಕಪ್ಪು ತೆಗೆಯಲು ಕರೆದರು

ಹೊಸದಾಗಿ ಪಾರ್ಲರ್ ತೆರೆಯುವ ಹುಡುಗಿಯರು ನನ್ನ ಮನೆಗೆ ಬಂದರೆ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ. "ಆಂಟಿ, ಮನೇಲೇ ಕಪ್ಪು ಡೈ ಹಚ್ಕೊಂಡು, ಚೆನ್ನಾಗಿಲ್ಲ ತೆಗೀರಿ ಅಂತ ಬರ್ತಾರಲ್ಲ, ಅವರಿಗೆ ಏನ್ ಹಾಕ್ಬೇಕು?" ಅವರಿಗೆ ಬೇಕಾದದ್ದು ಒಂದು ಬಾಟಲಿಯ ಹೆಸರು. ಅದನ್ನು ಕೇಳಿಕೊಂಡು ಎದ್ದು ಹೋಗುವ ಅವಸರ. ನಾನು ಅವರನ್ನು ಕೂರಿಸಿ, ಕಾಫಿ ಕೊಟ್ಟು, ಚೆನ್ನಾಗಿ ಹೆದರಿಸಿ ಕಳಿಸುತ್ತೇನೆ. ಹೀಗಾಗಿ ಈ ಕಡೆಯ ಹುಡುಗಿಯರಲ್ಲಿ ನನಗೆ ಅಂಥ ಒಳ್ಳೆಯ ಹೆಸರೇನೂ ಇಲ್ಲ.

ಹಳೇಬೀಡಿನಲ್ಲಿ ಬಸ್ ಸ್ಟ್ಯಾಂಡಿನಿಂದ ಕೆರೆಯ ಕಡೆ ಹೋಗುವ ದಾರಿಯಲ್ಲಿ ನನ್ನ ಪಾರ್ಲರ್ ಇತ್ತು. ಒಂದು ಕುರ್ಚಿ, ಒಂದು ದೊಡ್ಡ ಕನ್ನಡಿ, ನೀರಿಗೊಂದು ಡ್ರಮ್ಮು, ಹೊರಗೆ ಕಾಯುವವರಿಗೆ ಒಂದು ಬೆಂಚು. ಬೆರಳಿನ ಚರ್ಮ ಬಿರಿದು ರಕ್ತ ಜಿನುಗತೊಡಗಿದ ಮೇಲೆ ಮುಚ್ಚಿದೆ. ಅಷ್ಟು ವರ್ಷ ಬಣ್ಣ ಕಲಸಿದ ಕೈ, ಅದೂ ಎಷ್ಟಂತ ತಾಳೀತು. ಈಗ ಸಾರಿಗೆ ಹುಣಸೆಹಣ್ಣು ಕಿವುಚಿದರೂ ಉರಿಯುತ್ತದೆ. ಎದುರಿಗೆ ಸಿಕ್ಕವರು "ಆರಾಮಾಗಿದ್ದೀರಾ ಶಾರದಕ್ಕ?" ಎನ್ನುತ್ತಾರೆ. ಆರಾಮಾಗಿದ್ದೇನೆ. ಮಧ್ಯಾಹ್ನದ ಹೊತ್ತು ಮನೆಯ ಮುಂದೆ ಬೈಕು ಗಕ್ಕನೆ ನಿಂತರೆ ಮಾತ್ರ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಹುಟ್ಟಾ ಅಂಜುಬುರುಕಿ. ನಮ್ಮ ಯಜಮಾನರು ಬದುಕಿದ್ದಾಗ, "ಹಲ್ಲಿ ಲೊಚಗುಟ್ಟಿದ್ರೆ ಬೆಚ್ಚಿಬೀಳೋಳು ಇನ್ನೊಬ್ಬರ ಕುತ್ತಿಗೆ ಹತ್ರ ಕತ್ತರಿ ಆಡಿಸ್ತಾಳಲ್ಲ, ಆ ಗಿರಾಕಿಗಳ ಧೈರ್ಯ ಮೆಚ್ಚಬೇಕು" ಎಂದು ನೆಂಟರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು. ಹುಬ್ಬು ತೆಗೆಯುವಾಗ ದಾರ ಎಲ್ಲಿ ರೆಪ್ಪೆಗೆ ಸಿಕ್ಕೀತೋ ಎಂದು ಹೆದರಿಕೆ. ವ್ಯಾಕ್ಸ್ ಕಾಯಿಸಿದರೆ ಎಲ್ಲಿ ಸುಟ್ಟೀತೋ ಎಂದು ಮೊದಲು ನನ್ನ ಮುಂಗೈಗೇ ಹಚ್ಚಿಕೊಂಡು ನೋಡುವುದು. ಆದರೆ ತಲೆಯ ಬಣ್ಣದ ಭಯ ಇದ್ಯಾವುದರಂತೆಯೂ ಅಲ್ಲ. ಅದನ್ನು ನನಗೆ ಕಲಿಸಿದ್ದು ಅರಸೀಕೆರೆಯ ವಿಮಲಕ್ಕ.

ವಿಮಲಕ್ಕನ ಪಾರ್ಲರ್ ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹತ್ತಿರ, ಒಂದು ಮಹಡಿಯ ಮೇಲೆ ಇತ್ತು. ನಾನು ಕೆಲಸ ಕಲಿತದ್ದು ಅಲ್ಲಿ. ಗೂಡ್ಸ್ ಗಾಡಿ ಹೋದರೆ ಶೆಲ್ಫಿನ ಮೇಲಿನ ಡಬ್ಬಿಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ವಿಮಲಕ್ಕ ಗಟ್ಟಿಗಿತ್ತಿ, ಬಾಯಿ ಜೋರು. ನಾನು ತಪ್ಪು ಮಾಡಿದರೆ ಗಿರಾಕಿಯ ಮುಂದೆ ಏನೂ ಅನ್ನುತ್ತಿರಲಿಲ್ಲ, ಆಕೆ ಮೆಟ್ಟಿಲಿಳಿದು ಹೋದ ಮೇಲೆ ನನ್ನ ಗ್ರಹಚಾರ ಬಿಡಿಸುತ್ತಿದ್ದರು. ಅಂಥ ವಿಮಲಕ್ಕ ಹೆದರಿದ್ದನ್ನು ನಾನು ನೋಡಿದ್ದು ಒಂದೇ ಸಲ.

ಒಬ್ಬ ಟೀಚರಮ್ಮ ಬಂದಿದ್ದರು. ಕಡುಗಪ್ಪು ಕೂದಲು. ತಮ್ಮನ ಮದುವೆಗೆ ಸ್ವಲ್ಪ ಕಂದು ಬಣ್ಣ ಬೇಕು, ಮೊದಲು ಈ ಕಪ್ಪು ತೆಗೆಯಿರಿ ಎಂದರು. "ಏನಾದ್ರೂ ಹಚ್ಚಿದ್ದೀರಾ ಮೇಡಂ?" ಎಂದು ವಿಮಲಕ್ಕ ಕೇಳಿದರು. "ಇಲ್ಲಪ್ಪ, ನಾನು ಅಂಥ ಕೆಮಿಕಲ್ ಎಲ್ಲ ಹಚ್ಚಲ್ಲ. ಮನೆ ಮೆಹಂದಿ ಅಷ್ಟೆ" ಎಂದರು. ವಿಮಲಕ್ಕ ಬ್ಲೀಚ್ ಕಲಸಿ, ಎಳೆ ಎಳೆಯಾಗಿ ಹಚ್ಚಿ, ಬೆಳ್ಳಿಯಂಥ ಫಾಯಿಲ್ ಹಾಳೆ ಸುತ್ತಿದರು. ಸ್ವಲ್ಪ ಹೊತ್ತಿಗೆ ಟೀಚರಮ್ಮ "ಯಾಕೋ ಬಿಸಿಯಾಗ್ತಿದೆಯಲ್ರೀ" ಎಂದರು. ನಾನು ಹಾಳೆ ಮುಟ್ಟಿದೆ. ಈಗಷ್ಟೇ ಒಲೆಯಿಂದಿಳಿಸಿದ ಪಾತ್ರೆಯಂತೆ ಸುಡುತ್ತಿತ್ತು. ಹಾಳೆಯ ಮಡಿಕೆಯಿಂದ ಸಣ್ಣಗೆ ಹಬೆ, ಜೊತೆಗೆ ಕೂದಲು ಸುಟ್ಟ ವಾಸನೆ.

ವಿಮಲಕ್ಕ ಹಾಳೆಗಳನ್ನು ಕಿತ್ತೆಸೆದು, ಬಕೆಟ್ಟಿನಲ್ಲಿದ್ದ ನೀರನ್ನು ಆಕೆಯ ತಲೆಯ ಮೇಲೆ ಸುರಿದರು. ಕುರ್ಚಿ, ಸೀರೆ, ನೆಲ ಎಲ್ಲ ಒದ್ದೆ. ಆಮೇಲೆ ಕೈಯಾಡಿಸಿದರೆ ಕೂದಲು ನೆನೆದ ಶಾವಿಗೆಯ ಹಾಗೆ ಕೈಗೆ ಬಂತು. ಪುಣ್ಯಕ್ಕೆ ಚರ್ಮ ಉಳಿಯಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಸಂತೆಯಲ್ಲಿ ಮಾರುವ ಯಾವುದೋ ಕಪ್ಪು ಮೆಹಂದಿ ಪುಡಿ, ಅದನ್ನು ಟೀ ಡಿಕಾಕ್ಷನ್ನಿನಲ್ಲಿ ಕಲಸಿ, ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯೆಲ್ಲ ನೆನೆಸಿ, ಪ್ರತಿ ತಿಂಗಳೂ ಹಚ್ಚುತ್ತಿದ್ದರಂತೆ. ಪುಡಿಯಲ್ಲಿ ಏನಿತ್ತೋ, ಬಾಣಲೆಯಿಂದ ಏನು ಬಿಟ್ಟಿತ್ತೋ, ಅದರ ಮೇಲೆ ಬ್ಲೀಚ್ ಬಿದ್ದು ಕುದಿಯಿತು. ನಮ್ಮ ಕಡೆ ಎಲ್ಲ ಮನೆಯಲ್ಲೂ ಮೆಹಂದಿಯನ್ನು ಕಬ್ಬಿಣದ ಬಾಣಲೆಯಲ್ಲೇ ನೆನೆಸುವುದು. ಅದನ್ನು ಯಾರೂ ಬಣ್ಣ ಎಂದುಕೊಳ್ಳುವುದಿಲ್ಲ.

ಅವತ್ತಿನಿಂದ ವಿಮಲಕ್ಕ "ಏನು ಹಚ್ಚಿದ್ದೀರಿ?" ಎಂದು ಕೇಳುವುದನ್ನೇ ಬಿಟ್ಟರು. "ನಿಮ್ಮನೆಲಿ ಮೆಹಂದಿ ಯಾವ ಪಾತ್ರೆಲಿ ಕಲಸ್ತೀರಿ?" ಎಂದು ಕೇಳುತ್ತಿದ್ದರು. ಕತ್ತಿನ ಹಿಂದಿನಿಂದ ನಾಲ್ಕು ಎಳೆ ಕತ್ತರಿಸಿ, ಬ್ಲೀಚಿನ ನೀರು ಹಾಕಿದ ಲೋಟದಲ್ಲಿ ಬಿಟ್ಟು, ಲೋಟ ಬಿಸಿಯಾಗುತ್ತದೋ ಎಂದು ಮುಟ್ಟಿ ನೋಡುತ್ತಿದ್ದರು. ಬೆಚ್ಚಗಾದರೆ ಯಾರೇ ಆಗಲಿ, ಆ ತಲೆ ಮುಟ್ಟುತ್ತಿರಲಿಲ್ಲ. ಹಳೇಬೀಡಿಗೆ ಬಂದು ಸ್ವಂತ ಅಂಗಡಿ ಹಾಕಿದ ಮೇಲೆ ನಾನೂ ಹಾಗೇ ಮಾಡಿದೆ. "ತಲೆಗೆ ಬಣ್ಣ ಹಚ್ಚೋಕೆ ಬಂದ್ರೆ ಪಾತ್ರೆ ಪಡಗ ವಿಚಾರ ಯಾಕ್ ಕೇಳ್ತೀಯವ್ವಾ?" ಎಂದು ಹೆಂಗಸರು ನಗುತ್ತಿದ್ದರು. ನಗಲಿ ಬಿಡಿ.

ಕಾಲ ಹೋದ ಹಾಗೆ ಬಣ್ಣ ಹಚ್ಚುವ ರೀತಿಯೇ ಬದಲಾಯಿತು. ಮೊದಲು ಪುಡಿ, ಆಮೇಲೆ ಕ್ರೀಮು, ಆಮೇಲೆ ಚಿಲ್ಲರೆ ಅಂಗಡಿಯ ಬಾಗಿಲಲ್ಲಿ ಶಾಂಪೂ ಪೊಟ್ಟಣದ ಪಕ್ಕದಲ್ಲೇ ತೂಗಾಡುವ ಸಣ್ಣ ಪೊಟ್ಟಣ. ಪಾರ್ಲರಿಗೆ ಬರುವ ಅಗತ್ಯವೇ ಇಲ್ಲ. ಹಚ್ಚುವುದು ಮನೆಗೆ ಹೋದ ಮೇಲೆ ತೆಗೆಯುವುದೂ ಮನೆಗೆ ಹೋಯಿತು. ಫೋನಿನಲ್ಲಿ ಯಾರೋ ತೋರಿಸಿದರಂತೆ, ನಿಂಬೆಹಣ್ಣು, ಅಡುಗೆ ಸೋಡಾ, ಪಾತ್ರೆ ತೊಳೆಯುವ ಸೋಪು, ಪುಡಿ ಮಾಡಿದ ಮಾತ್ರೆ. ನನ್ನ ಹತ್ತಿರ ಬರುವ ಹೊತ್ತಿಗೆ ಕೂದಲು ತೆಂಗಿನ ನಾರಾಗಿರುತ್ತಿತ್ತು, ಕಪ್ಪು ಮಾತ್ರ ಹಾಗೇ ಇರುತ್ತಿತ್ತು.

ಬಸದಿಯ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟ ಹಿರಿಯರೊಬ್ಬರು ಮೀಸೆಗೆ ಹಚ್ಚಲು ಹೋಗಿ ಕೆನ್ನೆಯವರೆಗೂ ಕಪ್ಪು ಮಾಡಿಕೊಂಡು, ಅದನ್ನು ತೆಗೆಯಲು ಸೀಮೆಎಣ್ಣೆ ಒರೆಸಿಕೊಂಡು, ಅದೇ ಮುಖದಲ್ಲಿ ಕಾಫಿ ಕಾಸಲು ಒಲೆಯ ಮುಂದೆ ಹೋಗಿ ನಿಂತಿದ್ದರಂತೆ. ಅವರ ಹೆಂಡತಿ ವಾಸನೆ ಹಿಡಿದು, ಕಿರುಚಿ, ರಟ್ಟೆ ಹಿಡಿದು ಎಳೆದರು. ಆಮೇಲೆ ಇಬ್ಬರೂ ನನ್ನಲ್ಲಿಗೆ ಬಂದರು. ಚರ್ಮದ ಮೇಲಿನ ಕಪ್ಪಿಗೆ ಕೊಬ್ಬರಿ ಎಣ್ಣೆ ಸಾಕು, ಹತ್ತಿಯಲ್ಲಿ ಮೆಲ್ಲಗೆ ಒರೆಸಿದರೆ ಬಿಡುತ್ತದೆ. ಅವರಿಗೆ ಒರೆಸುತ್ತಾ, ಆ ಬೆಂಕಿಕಡ್ಡಿ ಗೀರಿದ್ದರೆ ಏನು ಗತಿ ಎಂದು ನೆನೆದು ನನಗೇ ಕೈ ತಣ್ಣಗಾಯಿತು. ಅವರು ಮಾತ್ರ ಕನ್ನಡಿ ನೋಡಿಕೊಂಡು "ಮೀಸೇದು ಹೋಗ್ದಂಗೆ ಒರೆಸಮ್ಮ" ಎಂದರು.

ಇವೆಲ್ಲ ಹೇಳಿ ನಗಬಹುದಾದವು. ಮಾದಿಹಳ್ಳಿಯದು ಹಾಗಲ್ಲ.

ಅವತ್ತು ಊಟ ಮಾಡಿ ಕೈ ತೊಳೆಯುತ್ತಿದ್ದೆ. ಅಂಗಡಿಯ ಮುಂದೆ ಬೈಕು ಗಕ್ಕನೆ ನಿಂತಿತು. ಇಳಿದವನು ಮಾದಿಹಳ್ಳಿಯ ಶಿವು, ತೆಂಗಿನ ತೋಟದ ಮನೆಯವನು. ಅವನ ಹೆಂಡತಿ ಸವಿತಾ ಅರಸೀಕೆರೆಯ ಹುಡುಗಿ, ಆಗಾಗ ನನ್ನಲ್ಲಿಗೆ ಹುಬ್ಬು ತೆಗೆಸಲು ಬರುತ್ತಿದ್ದಳು. ಮಾತು ಕಡಿಮೆ, ನಗು ಹೆಚ್ಚು. ಕೂದಲಿಗೆ ಮದುವೆಗೆ ಮೊದಲೇ ತಾಮ್ರದ ಬಣ್ಣ ಹಾಕಿಸಿಕೊಂಡಿದ್ದಳು, ಅದು ಅವಳಿಗೆ ಒಪ್ಪುತ್ತಿತ್ತು.

"ಆಂಟಿ, ನಿಮ್ ಸಾಮಾನೆಲ್ಲ ತಗಂಡು ಬೇಗ ಹೊರಡಿ. ಸವಿತನ್ ತಲೆಗೆ ಕಪ್ಪು ಹಚ್ಚಿದ್ದು ತೆಗೀಬೇಕಾಗೈತೆ" ಎಂದ.

"ಅಂಗಡಿಗೇ ಕರ್ಕೊಂಡು ಬಾರಪ್ಪಾ."

"ಬರಂಗಿಲ್ಲ. ಮುಖ ವಸಿ ಊದ್ಕಂಡೈತೆ."

'ವಸಿ' ಎಂದನಲ್ಲ, ಸ್ವಲ್ಪವೇ ಇರಬೇಕೆಂದು ನಾನು ಬಾಕ್ಸ್ ತೆಗೆದುಕೊಂಡು ಬೈಕು ಹತ್ತಿದೆ. ಹತ್ತಿದ ಮೇಲೆ ಅವನ ಬೆನ್ನು ನೋಡಿದೆ. ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಏನಾಯಿತು ಎಂದು ಕೇಳಿದರೆ ಬೈಕನ್ನು ಇನ್ನೂ ಜೋರಾಗಿ ಓಡಿಸಿದ. ಇಳಿದುಬಿಡಲೇ ಎನ್ನಿಸಿತು. ಮಾದಿಹಳ್ಳಿ ಬರುವವರೆಗೂ ಹಾಗೆ ಅನ್ನಿಸುತ್ತಲೇ ಇತ್ತು.

ಆ ಮನೆಯ ಹಿತ್ತಿಲಲ್ಲಿ, ಬಚ್ಚಲಿನ ಬಾಗಿಲಲ್ಲಿ, ಅವಳನ್ನು ಮಣೆಯ ಮೇಲೆ ಕೂರಿಸಿದ್ದರು. ಹಂಡೆಯಿಂದ ಬಿಸಿನೀರು ತೋಡುತ್ತಿದ್ದರು. ಸುತ್ತ ಹಿಂಡಿದ ನಿಂಬೆಹಣ್ಣಿನ ಸಿಪ್ಪೆ, ಸೋಡಾದ ಪೊಟ್ಟಣ, ಪಾತ್ರೆ ತೊಳೆಯುವ ಸೋಪು, ತೆಂಗಿನ ನಾರು. ಅತ್ತೆ ಗೌರಮ್ಮ ಸೊಸೆಯ ತಲೆಯನ್ನು ಎರಡೂ ಕೈಯಲ್ಲಿ ತಿಕ್ಕುತ್ತಿದ್ದರು. ನಾದಿನಿ ರೂಪ ಚೊಂಬು ಹಿಡಿದು ಅಳುತ್ತಿದ್ದಳು. ಶಿವುವಿನ ದೊಡ್ಡಪ್ಪ, ಮನೆಗೆ ಹಿರಿಯರು, ಕಂಬಕ್ಕೆ ಒರಗಿ "ಇನ್ನೂ ಬಿಟ್ಟಿಲ್ಲ, ಕಿವಿ ಹಿಂದೆ ತಿಕ್ಕು" ಎಂದು ಹೇಳಿಕೊಡುತ್ತಿದ್ದರು. ಅವಳ ಮುಖದ ಮೇಲೆ ಒಂದು ಒದ್ದೆ ಟವೆಲ್ಲು ಹೊದಿಸಿದ್ದರು, ಸೋಪಿನ ನೀರು ಕಣ್ಣಿಗೆ ಹೋಗದಿರಲಿ ಎಂದು.

ನಾನು ಬಾಕ್ಸ್ ಇಟ್ಟು, ಕನ್ನಡಕ ಹಾಕಿಕೊಂಡು, ಕೂದಲನ್ನು ಬೈತಲೆಯಿಂದ ಬಿಡಿಸಿ ನೋಡಿದೆ. ಕಪ್ಪು ಬುಡದವರೆಗೂ ಹಿಡಿದಿತ್ತು. ನೆತ್ತಿ ಕೆಂಪಗೆ ಹಸಿಯಾಗಿ, ಅಲ್ಲಲ್ಲಿ ನೀರು ಒಸರುತ್ತಿತ್ತು. "ಯಾವಾಗ ಹಚ್ಚಿದ್ದು?" ಎಂದೆ.

"ನೆನ್ನೆ ಮಧ್ಯಾನ" ಎಂದರು ಗೌರಮ್ಮ. "ಇವತ್ತು ರೂಪನ್ ನೋಡಕೆ ಗಂಡಿನ್ ಕಡೆಯೋರು ಬರೋರಿದ್ರು. ಸೊಸೆ ತಲೆ ಕೆಂಪಗೈತೆ, ಏನಂದ್ಕಂಡಾರು ಅಂತ ಅಂಗ್ಡಿಯಿಂದ ಪೊಟ್ಣ ತಂದು ನಾನೇ ಹಚ್ದೆ. ಸಂಜೆಗೇ ಕಡಿತ ಅಂದ್ಲು. ಉಷ್ಣ ಆಗೈತೆ ಅಂತ ಹರಳೆಣ್ಣೆ ಹಾಕ್ದೆ. ಬೆಳಿಗ್ಗೆಯಿಂದ ತಿಕ್ತಾ ಕೂತಿದೀನಿ."

"ಮುಂಚೆ ಯಾವಾಗ್ಲಾದ್ರೂ ಹಿಂಗಾಗಿತ್ತಾ?"

"ಯಾರ್ದೋ ಮದ್ವೇಲಿ ಕೈಗೆ ಕಪ್ಪು ಮೆಹಂದಿ ಕೋನ್ ಹಾಕುಸ್ಕಂಡಾಗ ಕೈಯೆಲ್ಲ ಗುಳ್ಳೆ ಎದ್ದಿತ್ತಂತೆ. ಅದು ಕೈ ಕಣವ್ವಾ, ಇದು ತಲೆ."

ಕೈಗೆ ಆಗದ್ದು ತಲೆಗೂ ಆಗದು, ಒಂದು ಸಲ ಮೈ ಒಲ್ಲೆ ಎಂದದ್ದನ್ನು ಮತ್ತೆ ಹಚ್ಚಿದರೆ ಎರಡನೆಯ ಸಲ ಇನ್ನೂ ಜೋರಾಗಿ ತಿರುಗಿ ಬೀಳುತ್ತದೆ. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಕಾಯದೆ ಯಾರ ತಲೆಗೂ ಬಣ್ಣ ಹಚ್ಚಬೇಡ ಎಂದು ವಿಮಲಕ್ಕ ಹೇಳುತ್ತಿದ್ದದ್ದು ಇದಕ್ಕೇ. ಅಷ್ಟರಲ್ಲಿ ಟವೆಲ್ಲಿನ ಕೆಳಗಿನಿಂದ ಸವಿತಾ "ಆಂಟಿ" ಎಂದಳು. ಅದು ಅವಳ ದನಿಯಾಗಿರಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಸಿಕೊಂಡು ಮಾತಾಡಿದ ಹಾಗಿತ್ತು.

ಟವೆಲ್ ತೆಗೆದೆ. ದೇವರೇ. ಕಣ್ಣು ಇರಬೇಕಾದ ಜಾಗದಲ್ಲಿ ಎರಡು ಗೆರೆ. ತುಟಿ ಮಡಿಚಿಕೊಂಡಿತ್ತು, ಕತ್ತು ಕೆನ್ನೆಯ ಅಗಲಕ್ಕೆ ಊದಿತ್ತು. ಉಸಿರು ಒಳಗೆ ಹೋಗುವಾಗ ಸಣ್ಣಗೆ ಸುಂಯ್ ಎನ್ನುತ್ತಿತ್ತು. ಹುಬ್ಬು ನಾನೇ ತೀಡಿದ್ದು, ಅದೊಂದರಿಂದ ಗುರುತು ಸಿಕ್ಕಿತು.

ನಿಜ ಹೇಳುತ್ತೇನೆ, ಆಗ ನನಗೆ ಅವಳ ಭಯಕ್ಕಿಂತ ನನ್ನ ಭಯವೇ ಹೆಚ್ಚಾಯಿತು. ಬಾಕ್ಸ್ ತೆರೆದಿದೆ, ನನ್ನ ಕೈ ಅವಳ ತಲೆಯ ಮೇಲಿದೆ. ಈ ಕ್ಷಣಕ್ಕೆ ಏನಾದರೂ ಆದರೆ ಪಾರ್ಲರಿನವಳು ಬಂದು ಏನೋ ಹಾಕಿದಳು, ಹುಡುಗಿಯ ಜೀವ ಹೋಯಿತು ಎನ್ನುತ್ತಾರೆ. ಊರ ತುಂಬ ಅದೇ ಮಾತಾಗುತ್ತದೆ. ಕೈ ತಾನಾಗಿಯೇ ಹಿಂದಕ್ಕೆ ಬಂತು.

"ನನ್ ಬಾಕ್ಸಲ್ಲಿ ಇದಕ್ಕೇನೂ ಇಲ್ಲ. ಗಾಡಿ ತರಿಸಿ, ಆಸ್ಪತ್ರೆಗೆ ಹೊರಡಿ" ಎಂದೆ.

ಶಿವು ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಕಪ್ಪು ತೆಗುದ್ ಬುಡವ್ವಾ ಮೊದ್ಲು. ಆಮೇಲೆ ಹೋಗನ."

"ಕಪ್ಪು ಹೋಗಲ್ಲ ದೊಡ್ಡಪ್ಪ. ತೆಗೆದ್ರೂ ಈ ಊತ ಇಳಿಯಲ್ಲ. ಒಳಗೆ ಹೋಗ್ಬಿಟ್ಟಿದೆ."

"ನಿಂಗ್ ಗೊತ್ತಾಗಕಿಲ್ಲ ಸುಮ್ಕಿರು" ಎಂದು ಗೌರಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು. ಅವರ ಕೈ ಮಣಿಕಟ್ಟಿನವರೆಗೂ ಕಪ್ಪಾಗಿತ್ತು. ಬರಿಗೈಯಲ್ಲಿ ಹಚ್ಚಿದ್ದು, ಆಮೇಲೆ ಬರಿಗೈಯಲ್ಲಿ ತಿಕ್ಕಿದ್ದು. ಪಿಸುಮಾತಿನಲ್ಲಿ ಹೇಳಿದರು. ಪಕ್ಕದ ಊರಿನಲ್ಲಿ ಒಬ್ಬ ಸೊಸೆ ತಲೆಗೆ ಹಚ್ಚುವ ಬಣ್ಣ ಕುಡಿದು ಸತ್ತಿದ್ದಳು. ಅವಳ ಮುಖವೂ ಕತ್ತೂ ಹೀಗೇ ಊದಿತ್ತಂತೆ. ಪೊಲೀಸರು ಬಂದು ಅತ್ತೆ, ಗಂಡ, ನಾದಿನಿ ಎಲ್ಲರನ್ನೂ ಕರೆದುಕೊಂಡು ಹೋದರು. ಆ ನಾದಿನಿಗೆ ಇನ್ನೂ ಮದುವೆಯಾಗಿಲ್ಲ. "ಈ ಕಪ್ಪು ತಲೆ, ಈ ಮುಖ ನೋಡಿದ್ರೆ ಡಾಕ್ಟ್ರು ಏನಂತಾರೆ? ಬಣ್ಣ ಕುಡ್ದವ್ಳೆ ಅಂತಾರೆ. ಇಲ್ಲಾ ನಾವೇ ಕುಡಿಸಿದೀವಿ ಅಂತಾರೆ. ನನ್ ಮಗ್ಳ ಗತಿ ಏನು? ಕಪ್ಪು ಒಂದು ಹೋದ್ರೆ ಏನೋ ಒಂದ್ ಹೇಳ್ಕಂಡು ತೋರ್ಸ್ಬೋದು ಕಣವ್ವಾ. ನಿನ್ ಕಾಲಿಗ್ ಬೀಳ್ತೀನಿ, ತೆಗ್ದುಬುಡು."

ಬೆಳಿಗ್ಗೆಯಿಂದ ಆ ಮನೆ ಮಾಡುತ್ತಿದ್ದದ್ದು ಏನೆಂದು ಆಗ ನನಗೆ ಅರ್ಥವಾಯಿತು. ಅವರು ಕೆಟ್ಟ ಜನವಲ್ಲ. ಸೊಸೆಗೆ ಕಣ್ಣುರಿಯದಿರಲಿ ಎಂದು ಟವೆಲ್ ಹೊದಿಸಿದವರೇ. ಅವರು ಸವಿತಾಳನ್ನು ಉಳಿಸುವುದಕ್ಕಿಂತ ಮೊದಲು ಸಾಕ್ಷಿ ತೊಳೆಯುತ್ತಿದ್ದರು, ಮಾಡದ ತಪ್ಪಿನ ಸಾಕ್ಷಿ.

ನನಗೆ ಧೈರ್ಯದ ಮಾತು ಬರುವುದಿಲ್ಲ. ಭಯದ ಮಾತು ಬರುತ್ತದೆ. ಅದನ್ನೇ ಆಡಿದೆ. "ಗೌರಮ್ಮ, ಇವಳು ಆಸ್ಪತ್ರೆಲಿ ಬದುಕಿದ್ರೆ ಏನಾಯ್ತು ಅಂತ ಅವಳೇ ಹೇಳ್ತಾಳೆ. ಇಲ್ಲೇ, ಈ ಮಣೆ ಮೇಲೆ ಹೋದ್ರೆ, ಈ ನಿಂಬೆ ಸಿಪ್ಪೆ, ಈ ಸೋಪು, ನಿಮ್ ಕೈ, ಇದನ್ನೆಲ್ಲ ನೋಡಿ ಯಾರು ನಂಬ್ತಾರೆ ಹೇಳಿ? ಬೆಳಿಗ್ಗೆಯಿಂದ ಯಾಕೆ ಕರ್ಕೊಂಡು ಬರ್ಲಿಲ್ಲ ಅಂತ ಕೇಳಿದ್ರೆ ಏನಂತೀರಿ?"

ಸವಿತಾ ಕೆಮ್ಮಿದಳು, ಕೆಮ್ಮು ಅರ್ಧಕ್ಕೇ ನಿಂತು ಉಸಿರು ಸಿಕ್ಕಿಕೊಂಡಿತು. ಅವಳ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ರೂಪ ಚೊಂಬು ಬಿಸಾಡಿ "ನಂಗೆ ಮದ್ವೆನೇ ಬ್ಯಾಡ, ಗಾಡಿ ತರ್ಸೋ ಅಣ್ಣ" ಎಂದು ಚೀರಿದಳು. ಶಿವು ಓಡಿದ.

ಪಕ್ಕದ ಮನೆಯವರ ಹಾಲಿನ ಕ್ಯಾನ್ ಸಾಗಿಸುವ ವ್ಯಾನು ಸಿಕ್ಕಿತು. ಹಿಂದಿನ ಸೀಟಿನಲ್ಲಿ ಸವಿತಾಳನ್ನು ನೆಟ್ಟಗೆ ಕೂರಿಸಿ ಎರಡೂ ಕಡೆ ನಾನು ಮತ್ತು ಗೌರಮ್ಮ ಹಿಡಿದುಕೊಂಡೆವು. ಶಿವು, ದೊಡ್ಡಪ್ಪ ಮುಂದೆ ಕೂತರು. ಬೇಲೂರಿನ ಆ ದಾರಿಯಲ್ಲಿ ಎಷ್ಟು ಸಲ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಹೋಗಿದ್ದೆನೋ. ಅವತ್ತು ರಸ್ತೆಯ ಒಂದೊಂದು ಉಬ್ಬಿಗೂ ಅವಳ ಉಸಿರು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ನಿಂತಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು. ಗೌರಮ್ಮ ಶಿವನಾಮ ಹೇಳುತ್ತಾ, ಬಿಡುವಾದ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದರು. ದಾರಿಯಲ್ಲಿ ಎದುರಿಗೆ ಪೊಲೀಸ್ ಜೀಪು ಬಂದಾಗ ಇನ್ನೊಂದು ಕೈಯೂ ಸೆರಗಿನೊಳಗೆ ಹೋಯಿತು. ಸವಿತಾ ನನ್ನ ಮೇಲೆ ವಾಲಿದಳು. ನಾನೊಬ್ಬಳೇ ಹಿಡಿದುಕೊಂಡೆ.

ಬೇಲೂರಿನ ಆಸ್ಪತ್ರೆಯಲ್ಲಿ ನರ್ಸ್ ಅವಳ ಮುಖ ನೋಡಿದ್ದೇ ತಡ, ಗಾಲಿಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಪರದೆ ಎಳೆದರು, ಇಂಜೆಕ್ಷನ್ ಕೊಟ್ಟರು, ಮೂಗಿಗೆ ಆಕ್ಸಿಜನ್ ಹಾಕಿದರು. ಡಾಕ್ಟರು ಚಿಕ್ಕ ವಯಸ್ಸಿನವರು. ಪರದೆಯಿಂದ ಹೊರಗೆ ಬಂದು "ಏನಾಯ್ತು? ಏನು ತಗೊಂಡ್ರು?" ಎಂದು ಕೇಳಿದರು.

ಶಿವು ಮಾತಾಡಿದ. "ಜೇನು ಕಡಿತು ಸಾರ್. ತೋಟದಲ್ಲಿ."

ನಾನು ಅವನನ್ನೇ ನೋಡಿದೆ. ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಅವನು ಅದನ್ನೇ ಹೊಂದಿಸಿಕೊಂಡಿದ್ದ ಎಂದು ಕಾಣುತ್ತದೆ. ಡಾಕ್ಟರು ಅಲ್ಲ ಎಂದು ತಲೆಯಾಡಿಸಿದರು. "ತಲೆ ಕಪ್ಪಗಿದೆ. ನೆತ್ತಿ ಸುಟ್ಟಿದೆ. ಜೇನು ಹಿಂಗ್ ಮಾಡಲ್ಲಪ್ಪ. ಡೈ ಹೊಟ್ಟೆಗೆ ಹೋಗಿದ್ರೆ ನಾನು ಮಾಡ್ಬೇಕಾಗಿರೋದೇ ಬೇರೆ. ತಲೆಗೆ ಹಚ್ಚಿ ಹಿಂಗಾಗಿದ್ರೆ ಬೇರೆ. ಹೊತ್ತಿಲ್ಲ, ನಿಜ ಹೇಳಿ. ಕುಡಿದಿದ್ದಾರಾ?"

ಶಿವು ನೆಲ ನೋಡಿದ. ದೊಡ್ಡಪ್ಪ ಬಾಗಿಲು ನೋಡಿದರು. ಬಾಗಿಲಲ್ಲಿ ಬೇರೆ ಯಾವುದೋ ಅಪಘಾತದ ಕೆಲಸಕ್ಕೆ ಬಂದ ಪೊಲೀಸಿನವರೊಬ್ಬರು ನಿಂತಿದ್ದರು. ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗೌರಮ್ಮ ಮುಂದೆ ಬಂದು, ಸೆರಗಿನೊಳಗಿಂದ ಎರಡೂ ಕೈ ತೆಗೆದು ಡಾಕ್ಟರ ಮುಂದೆ ಚಾಚಿದರು. ಉಗುರಿನ ಸಂದಿಯಲ್ಲಿ, ಬೆರಳ ಗೆರೆಯಲ್ಲಿ, ಮಣಿಕಟ್ಟಿನವರೆಗೂ ಕಪ್ಪು.

"ಜೇನಲ್ಲ ಕಣಪ್ಪಾ. ನಾನೇ ಹಚ್ಚಿದ್ದು, ತಲೆಗೆ. ಅವ್ಳು ಕುಡ್ದಿಲ್ಲ. ಕಡಿತೈತೆ ಅಂದ್ಲು, ನಾನು ಕೇಳ್ಲಿಲ್ಲ. ಬೆಳಿಗ್ಗೆಯಿಂದ ತಿಕ್ತಾ ಕೂತಿದ್ದೂ ನಾನೇ. ಯಾರ್ನ್ ಕರೀತೀರೋ ಕರೀರಿ, ನಾನ್ ಬತ್ತೀನಿ. ಮಗೀನ್ ಉಳ್ಸಿ."

ಡಾಕ್ಟರು ಆ ಕೈಗಳನ್ನು ನೋಡಿ, "ಅಷ್ಟು ಸಾಕಮ್ಮ" ಎಂದು ಪರದೆಯೊಳಗೆ ಹೋದರು. ಇನ್ನೊಂದು ಇಂಜೆಕ್ಷನ್ನಿಗೆ ಹೇಳಿದ್ದು ಕೇಳಿಸಿತು. ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ಅಲ್ಲಿ ಪೊಲೀಸರೂ ಬಂದು ವಿಚಾರಿಸಿದರಂತೆ. ಮಾತಾಡಲು ಬಂದ ಮೇಲೆ ಸವಿತಾ ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಹಚ್ಚಿದ್ದು ಅತ್ತೆ, ತಡ ಮಾಡಿದ್ದು ಎಲ್ಲರೂ, ತಾನು ಏನೂ ಕುಡಿದಿಲ್ಲ. ಅವರು ಕೇಳಿಕೊಂಡು ಹೋದರು. ಬೆಳಿಗ್ಗೆಯೇ ಬಂದು ಹೇಳಬಹುದಾಗಿದ್ದ ಮಾತು ಅಷ್ಟೇ.

ಆ ಸುದ್ದಿ ಬರುವವರೆಗೆ ನಾನು ಅಂಗಡಿ ತೆರೆಯಲಿಲ್ಲ. ತೆರೆದ ಮೇಲೂ ಕಪ್ಪು ಬಣ್ಣದ ಡಬ್ಬಿ ಮುಟ್ಟಲು ಆಗುತ್ತಿರಲಿಲ್ಲ. ಕಿವಿಯ ಹಿಂದೆ ಚುಕ್ಕೆ ಹಚ್ಚಿ ಎರಡು ದಿನ ಬಿಟ್ಟು ಬಾ ಎಂದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಿದ್ದರು. ಹೋಗಲಿ ಎಂದುಕೊಂಡೆ. ಈಗ ಈ ಕೆಲಸಕ್ಕೆ ಬರುವ ಹುಡುಗಿಯರಿಗೂ ಅದನ್ನೇ ಹೇಳುತ್ತೇನೆ. ಹಚ್ಚಿದ ಕಪ್ಪನ್ನು ಮನೆಯಲ್ಲಿ ತೆಗೆಯುವ ಉಪಾಯ ನನಗೆ ಗೊತ್ತಿಲ್ಲ. ಕೂದಲು ಬೆಳೆಯಬೇಕು, ಕತ್ತರಿಸಬೇಕು. ಕಡಿತ, ಊತ ಎಂದರೆ ತಣ್ಣೀರಲ್ಲಿ ತೊಳೆಸಿ, ಪೊಟ್ಟಣ ಕೈಯಲ್ಲಿ ಕೊಟ್ಟು, ಆಸ್ಪತ್ರೆಗೆ ಓಡಿಸಿ. ನಾಚಿಕೆ, ಪೊಲೀಸು, ನೆಂಟರು ಎಲ್ಲ ಆಮೇಲೆ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸವಿತಾ ಬಂದಳು. ಮುಖ ಮೊದಲಿನ ಹಾಗಾಗಿತ್ತು. ನೆತ್ತಿಯಲ್ಲಿ ಒಂದು ಕಡೆ ಕೂದಲು ಇನ್ನೂ ಬಂದಿರಲಿಲ್ಲ, ಉಳಿದ ಕಡೆ ಹೊಸದು ಬೆರಳಗಲ ಬೆಳೆದಿತ್ತು. ಗೌರಮ್ಮ ಒಳಗೆ ಬರಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತರು. "ಕಪ್ಪು ಇರೋದನ್ನೆಲ್ಲ ಕತ್ತರಿಸಿಬಿಡಿ ಆಂಟಿ, ಎಷ್ಟು ಗಿಡ್ಡ ಆದ್ರೂ ಪರವಾಗಿಲ್ಲ" ಎಂದಳು ಸವಿತಾ. ನಾನು ಬಟ್ಟೆ ಹೊದಿಸಿ ಶುರು ಮಾಡಿದೆ. ಉದ್ದುದ್ದ ಕಪ್ಪು ಜೊಂಪೆಗಳು ನೆಲಕ್ಕೆ ಬೀಳುತ್ತಿದ್ದವು. ಸುಮ್ಮನಿರಲಾರದೆ ಕೇಳಿದೆ.

"ಅವತ್ತು ಬಹಳ ಹೆದರಿದ್ಯೇನಮ್ಮಾ? ಆ ವ್ಯಾನಲ್ಲಿ?"

"ವ್ಯಾನಲ್ಲಿ ಅಷ್ಟೊಂದು ಇಲ್ಲ ಆಂಟಿ. ಎಲ್ಲಿಗೋ ಹೋಗ್ತಿದೀವಲ್ಲ ಅನ್ನಿಸ್ತಿತ್ತು. ಹೆದರಿಕೆ ಆಗಿದ್ದು ಬಚ್ಚಲಲ್ಲಿ." ಅವಳು ನಿಧಾನವಾಗಿ ಹೇಳಿದಳು. "ಕಣ್ಣು ಕಾಣ್ತಿರ್ಲಿಲ್ಲ. ಯಾರು ಬಂದ್ರು, ಯಾರು ಹೋದ್ರು ಗೊತ್ತಾಗ್ತಿರ್ಲಿಲ್ಲ. ಬಂದವರ ಕೈ ಮಾತ್ರ ಗೊತ್ತಾಗ್ತಿತ್ತು. ಎಲ್ಲ ಕೈನೂ ತಲೆ ಮೇಲೇ. ಒಬ್ಬರಾದ್ರೂ ಟವೆಲ್ ತೆಗೆದು ಮುಖ ನೋಡ್ತಾರಾ ಅಂತ ಕಾಯ್ತಾ ಇದ್ದೆ."

"ನಾನು ಬಂದೆನಲ್ಲಮ್ಮಾ."

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ಹೂಂ ಆಂಟಿ. ನೀವು ಬಂದ್ರಿ ಅಂತ ಗೊತ್ತಾಗಿದ್ದೂ ಹಂಗೇ. ನೀವೂ ಮೊದ್ಲು ಬೈತಲೆಯಿಂದ ಕೂದಲು ಬಿಡಿಸಿ ನೋಡಿದ್ರಲ್ಲ."